ತಂದೂರಿಗೆ ಕೈ ಹಾಕಿದ ಆಂಟಿ

ತೊಂಬತ್ತರ ದಶಕದಲ್ಲಿ ದುಬೈಯ ಹಳೇ ದೇರಾದ ಗಲ್ಲಿಗಳನ್ನು ನಮಗೆ ತಿನ್ನಿಸುತ್ತಲೇ ತೋರಿಸಿದವರು ಪಕ್ಕದ ಫ್ಲ್ಯಾಟಿನ ಉಳ್ಳಾಲದ ಆಂಟಿ. "ಎಂತ ನೋಡ್ತಾ ನಿಲ್ಲುವುದು? ಯಲ್ಲಾ, ಬೇಗ ಬೇಗ ತಿನ್ನಿ!" ಎನ್ನುತ್ತ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು.

ಒಂದು ಶುಕ್ರವಾರ ಸಂಜೆ ಇರಾನಿ ರೊಟ್ಟಿಯಂಗಡಿಯ ಮುದುಕನನ್ನು, "ಒಂದು ರೊಟ್ಟಿ ನಾನು ಹಾಕ್ಲಾ?" ಎಂದು ಹಿಂದಿಯಲ್ಲಿ ಕೇಳಿದರು.

"ಮಾಫಿ, ಮಾಫಿ! ಆಗುವುದಿಲ್ಲ, ಈ ಬೆಂಕಿ ಹೆಂಗಸರಿಗಲ್ಲ," ಎಂದು ಅವನು ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ನಮ್ಮ ಮುಖ ಸಣ್ಣದಾಯಿತು.

"ಸ್ವಲ್ಪ ಜರುಗಿ ಮಾರಾಯ್ರೆ," ಎಂದು ಅಚ್ಚ ಕನ್ನಡದಲ್ಲೇ ಹೇಳಿ ಆಂಟಿ ತೋಳು ಮಡಚಿದರು. ಹಿಟ್ಟು ತಟ್ಟಿ, ಮೇಲೆ ಎಳ್ಳು ಉದುರಿಸಿ, ಉರಿಯುವ ತಂದೂರಿನೊಳಗೆ ಕೈಯಿಳಿಸಿ ಗೋಡೆಗೆ ಅಂಟಿಸಿದರು. ಎಳ್ಳಿನ ಘಮದೊಂದಿಗೆ ರೊಟ್ಟಿ ಹೊಂಬಣ್ಣಕ್ಕೆ ಉಬ್ಬಿ ಬಂತು.

ಮುದುಕ ಒಂದು ಚೂರು ಮುರಿದು ಬಾಯಿಗಿಟ್ಟ. ತಾನು ನಿಂತಿದ್ದ ಜಾಗವನ್ನೇ ಅವರಿಗೆ ಬಿಟ್ಟುಕೊಟ್ಟ. ಅಂದು ಸಾಲಿನ ಕೊನೆಯವನೂ ಆಂಟಿಯ ರೊಟ್ಟಿಯನ್ನೇ ತಿಂದ.