ಹದಿನಾರು ಪುಟದ ಪಂಡಿತ

ಚಾಮರಾಜಪೇಟೆಯ ನನ್ನ ಬೈಂಡಿಂಗ್ ಅಂಗಡಿಗೆ ಬಂದು ‘ನಿಧಾನವಾಗಿ ಮಾಡಿಕೊಡಿ’ ಎಂದ ಗಿರಾಕಿಯನ್ನು ಈ ನಲವತ್ತು ವರ್ಷಗಳಲ್ಲಿ ನಾನು ಒಬ್ಬರನ್ನೂ ಕಂಡಿರಲಿಲ್ಲ. ಅಜ್ಜನ ಕಾಲದ ಪುರಾಣದ ಪುಸ್ತಕವನ್ನು ಮೂವತ್ತು ವರ್ಷ ಅಟ್ಟದ ಮೇಲೆ ಜಿರಳೆಗಳ ಪಾರಾಯಣಕ್ಕೆ ಬಿಟ್ಟುಕೊಟ್ಟಿದ್ದ ಬಸವನಗುಡಿಯ ನಿವೃತ್ತರು ಕೂಡ, ಅದನ್ನು ನನ್ನ ಮೇಜಿನ ಮೇಲಿಟ್ಟ ಮರುಕ್ಷಣವೇ ‘ಸ್ವಲ್ಪ ಬೇಗ, ಸಾಯಂಕಾಲಕ್ಕೆ ಆಗುತ್ತಾ?’ ಎನ್ನುತ್ತಾರೆ. ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿದ ಮೈದಾ ಅಂಟು ತನಗೆ ತೋಚಿದಾಗಲೇ ಒಣಗುವುದು. ಗಿರಾಕಿಯ ಅವಸರವಾಗಲಿ ನನ್ನ ಸಂಕೋಚವಾಗಲಿ ಅದಕ್ಕೆ ತಟ್ಟುವುದಿಲ್ಲ.

ಈ ‘ಬೇಗ’, ‘ನಿಧಾನವಾಗಿ’ಗಳಿಗೆ ಕ್ರಿಯಾವಿಶೇಷಣವೆಂಬ ಘನವಾದ ಹೆಸರಿದೆಯೆಂದು ನಾನು ತಿಳಿದದ್ದು ಶಾಲೆಯಲ್ಲಲ್ಲ. ಏಳನೇ ಕ್ಲಾಸಿನ ಅರ್ಧಕ್ಕೇ ಶಾಲೆಗೆ ಕೈಮುಗಿದು ಬಂದವನು ನಾನು. ಹಾಗೆಂದ ಮಾತ್ರಕ್ಕೆ ಓದದವನೆಂದು ತಿಳಿಯಬೇಡಿ. ಅಚ್ಚಾಗಿ ಬರುವ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟವಾಗುತ್ತದೆ; ಅದಕ್ಕೆ ನಾವು ಫಾರಂ ಎನ್ನುತ್ತೇವೆ. ಮಡಿಸುತ್ತ ಮಡಿಸುತ್ತ ಕಣ್ಣಿಗೆ ಬಿದ್ದುದನ್ನೆಲ್ಲ ಓದಿಕೊಂಡವನು ನಾನು. ವೇದಾಂತ, ವೈದ್ಯ, ಅಡುಗೆ, ಪತ್ತೇದಾರಿ ಹೀಗೆ ಯಾವ ಶಾಸ್ತ್ರವೂ ನನ್ನ ಕೈಯಿಂದ ತಪ್ಪಿಸಿಕೊಂಡಿಲ್ಲ. ಇರುವುದು ಒಂದೇ ಒಂದು ಕೊರತೆ. ಮೊದಲ ಫಾರಂ ನನ್ನ ಪಾಲಿಗೆ, ಎರಡನೆಯದು ನನ್ನ ಹೆಂಡತಿ ಸರೋಜಳ ಪಾಲಿಗೆ, ಮೂರನೆಯದು ಮತ್ತೆ ನನಗೆ ಎಂದು ಹಂಚಿಕೊಂಡು ಮಡಿಸುವುದು ನಮ್ಮ ಅಂಗಡಿಯ ಪದ್ಧತಿ. ಹೀಗಾಗಿ ಎಷ್ಟೋ ಕೊಲೆಗಳನ್ನು ನಾನು ಬಲ್ಲೆ. ಕೊಲೆಗಾರರನ್ನು ಅವಳು ಬಲ್ಲಳು. ನನ್ನ ಪಾಂಡಿತ್ಯಕ್ಕೆ ರಟ್ಟೇನೋ ಭದ್ರವಾಗಿದೆ, ಒಳಗೆ ಮಾತ್ರ ಒಂದು ಬಿಟ್ಟು ಒಂದು ಫಾರಂ ಇಲ್ಲ.

ಐದನೇ ಕ್ಲಾಸಿನಲ್ಲಿ ಓದುವ ಮೊಮ್ಮಗಳು ಚಾರ್ವಿಗೆ ಈ ಒಳಗುಟ್ಟು ತಿಳಿದಿರಲಿಲ್ಲ. ಅಂಗಡಿಯ ಪುಸ್ತಕಗಳನ್ನೆಲ್ಲ ತಾತ ಓದಿ ಮುಗಿಸಿದ್ದಾನೆಂದು ಅವಳು ನಂಬಿದ್ದಳು. ನಾನೂ ಆ ನಂಬಿಕೆಗೆ ಒಂದು ದಿನವೂ ತಿದ್ದುಪಡಿ ಸೂಚಿಸಿರಲಿಲ್ಲ. ಜಗತ್ತೆಲ್ಲ ನನ್ನನ್ನು ಏಳನೇ ಕ್ಲಾಸಿನವನೆನ್ನಲಿ, ದುಡಿದು ತಿಂದವನಿಗೆ ಅದರಿಂದ ಅವಮಾನವಿಲ್ಲ. ಆದರೆ ಆ ಎರಡು ಜಡೆಯ ಹುಡುಗಿಯ ಕಣ್ಣಲ್ಲಿ ಚಿಕ್ಕವನಾಗುವುದು ನನಗೆ ಬೇಕಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವಳು ಗೆಳತಿ ಶ್ರೇಯಾಳನ್ನೂ ಎಳೆದುಕೊಂಡು ಬಂದಳು. “ತಾತ, ಕ್ರಿಯಾವಿಶೇಷಣ ಹೇಳ್ಕೊಡು. ಇವ್ಳಿಗೂ ಬರಲ್ಲ.”

ಅವಳ ಕ್ಲಾಸಿನ ವ್ಯಾಕರಣದ ಪುಸ್ತಕವನ್ನು ನಾನು ಎಂದೋ ಮಡಿಸಿದ್ದೆ. ಇಬ್ಬರ ಕೈಗೂ ಒಂದೊಂದು ರದ್ದಿ ಹಾಳೆ ಕೊಟ್ಟು ಮಡಿಸಲು ಹೇಳಿದೆ. ಮಡಿಸಿದರು. ಏನು ಮಾಡಿದಿರೆಂದು ಕೇಳಿದರೆ ಇಬ್ಬರದೂ ಒಂದೇ ಉತ್ತರ. ಹೇಗೆ ಮಡಿಸಿದಿರೆಂದು ಕೇಳಿದ್ದೇ ತಡ, ಜಗಳ ಶುರುವಾಯಿತು.

“ಶ್ರೇಯಾ ಸೊಟ್ಟಗೆ ಮಡಿಸಿದ್ಲು ತಾತ!”

“ನೀನೇನ್ ಮಹಾ ನೆಟ್ಟಗೆ ಮಡಿಸ್ದೆ? ಗಡಿಬಿಡಿಯಾಗಿ ಮಡಿಸಿ ಹರಿದಾಕ್ದೆ!”

ನನಗೆ ಹಿಗ್ಗೋ ಹಿಗ್ಗು. “ನೋಡಿದ್ರಾ? ಹೇಗೆ ಅಂತ ಕೇಳ್ದಾಗ ಬಂತಲ್ಲ, ಸೊಟ್ಟಗೆ, ನೆಟ್ಟಗೆ, ಗಡಿಬಿಡಿಯಾಗಿ, ಅದೇ ಕ್ರಿಯಾವಿಶೇಷಣ. ಅಷ್ಟೇ, ಮುಗೀತು” ಎಂದೆ. ಅಂಟು ಕಲಸುತ್ತಿದ್ದ ಸರೋಜ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಅದು ಮೆಚ್ಚುಗೆಯೆಂದು ನಾನು ಅರ್ಥೈಸಿಕೊಂಡೆ.

ವಾರ ಕಳೆದು ಚಾರ್ವಿ ಉತ್ತರಪತ್ರಿಕೆಯನ್ನು ನನ್ನ ಮುಂದಿಟ್ಟಳು. ಹತ್ತಕ್ಕೆ ನಾಲ್ಕು. ‘ಮೆಲ್ಲಗೆ’, ‘ಜೋರಾಗಿ’ಗಳ ಕೆಳಗೆಲ್ಲ ಅಚ್ಚುಕಟ್ಟಾದ ಗೆರೆಯಿತ್ತು, ‘ನಿನ್ನೆ’, ‘ಅಲ್ಲಿ’, ‘ತುಂಬಾ’ಗಳನ್ನು ಹುಡುಗಿ ಮುಟ್ಟಿಯೇ ಇರಲಿಲ್ಲ. ‘ಅರ್ಧ ಮಾತ್ರ ಕಲಿತಿದ್ದೀಯೆ’ ಎಂದು ಮಿಸ್ಸು ಕೆಂಪು ಶಾಯಿಯಲ್ಲಿ ಬರೆದಿದ್ದರು. ನಮ್ಮ ತಾತ ವ್ಯಾಕರಣದ ಪುಸ್ತಕ ಮಾಡುವವರು, ಅವರಿಗೆ ಗೊತ್ತಿಲ್ಲವೇ ಎಂದು ಇವಳು ಎದ್ದು ನಿಂತು ವಾದಿಸಿದಳಂತೆ, ಕ್ಲಾಸೆಲ್ಲ ನಕ್ಕಿತಂತೆ.

“ಮಿಸ್ಸೇ ತಪ್ಪು ಅಲ್ವಾ ತಾತ?”

ಹೂಂ ಎಂದಿದ್ದರೆ ನಂಬಿಬಿಡುತ್ತಿದ್ದಳು. ನಿಜ ಹೇಳುತ್ತೇನೆ, ಆ ಹೂಂ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ನನ್ನನ್ನು ನೆಚ್ಚಿ ಮೂವತ್ತು ಮಕ್ಕಳ ನಗುವನ್ನು ಒಬ್ಬಳೇ ನುಂಗಿಕೊಂಡು ಬಂದವಳಿಗೆ ಇನ್ನೊಮ್ಮೆ ಅರ್ಧ ಹೇಳಲು ಬಾಯಿ ಬರಲಿಲ್ಲ.

“ಇಲ್ಲ ಪುಟ್ಟ, ತಪ್ಪು ನಂದೇ. ನಾನು ಓದಿರೋದು ಏಳನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆ ಪುಸ್ತಕದ ಈ ಪಾಠದಲ್ಲೂ ಹದಿನಾರನೇ ಪುಟದ ತನಕ ಅಷ್ಟೇ ನಾನು ನೋಡಿರೋದು.”

ಚಾರ್ವಿ ಪಿಳಿಪಿಳಿ ಕಣ್ಣುಬಿಟ್ಟಳು. ಸರೋಜ ಮಾತ್ರ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: “‘ಹೇಗೆ’ ಒಂದೇ ಅಲ್ಲ ಕಣೆ. ಯಾವಾಗ, ಎಲ್ಲಿ, ಎಷ್ಟು, ಅದೂ ಸೇರುತ್ತೆ. ಹದಿನೇಳನೇ ಪುಟ. ನನ್ನ ಫಾರಮ್ಮು.”

“ಅವತ್ತೇ ಬಾಯ್ಬಿಡೋಕೇನಾಗಿತ್ತೇ ನಿನಗೆ?” ಎಂದೆ.

“ನೀವು ಮುಗೀತು ಅಂದ್ರಲ್ರೀ. ಪಂಡಿತ್ರು, ಮುಗಿದಿರ್ಬೇಕು ಅಂದ್ಕೊಂಡೆ.”

ಚಾರ್ವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕ್ಲಾಸಿನ ನಗುವೆಲ್ಲ ಅದರಲ್ಲಿ ತೊಳೆದುಹೋಯಿತೆಂದು ನನಗನ್ನಿಸಿತು. ನನ್ನ ಬಿಗುಮಾನದ್ದೂ ಒಂದು ಪದರ ಅದರ ಜೊತೆಗೇ ಹೋಗಿರಬೇಕು. ಏಕೆಂದರೆ ನಾನೂ ನಗುತ್ತಿದ್ದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಇಷ್ಟು ವರ್ಷ ಪಕ್ಕದಲ್ಲೇ ಕುಳಿತು ಮುಂದಿನ ಪುಟಗಳನ್ನು ಓದುತ್ತಿದ್ದಳು. ಅಲ್ಲೇನಿದೆಯೆಂದು ನಾನು ಒಂದು ಸಲವೂ ಕೇಳಿರಲಿಲ್ಲವಲ್ಲ! ಈಗ ಮಕ್ಕಳು ‘ಹೇಗೆ’ಗೆ ಮಾತ್ರ ನನ್ನ ಬಳಿ ಬರುತ್ತಾರೆ, ಮಿಕ್ಕ ಮೂರಕ್ಕೂ ಅಜ್ಜಿ. ನನಗೇನೂ ಬೇಸರವಿಲ್ಲ, ಅವಳಿಗೆ ಮಾತ್ರ ಕೊಂಚ ಜಂಬ ಬಂದಿದೆ.

ಮೊನ್ನೆ ಚಾರ್ವಿ ಬೆನ್ನು ಬಿಟ್ಟುಹೋದ ತನ್ನ ವ್ಯಾಕರಣದ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟಳು. ಅಭ್ಯಾಸಬಲದಿಂದ ಯಾವಾಗ ಬೇಕೆಂದು ಕೇಳಿದೆ.

“ನಿಧಾನವಾಗಿ ಮಾಡ್ಕೊಡು ತಾತ. ಹೊಲಿಯೋಕ್ ಮುಂಚೆ ಅಜ್ಜಿ ಫಾರಮ್ಮೂ ಓದ್ಕೊಂಡ್ಬಿಡು.”

ನಲವತ್ತು ವರ್ಷಕ್ಕೆ ಸಿಕ್ಕ ಅಂಥ ಮೊದಲ ಗಿರಾಕಿ. ಪುಸ್ತಕ ಇನ್ನೂ ಬಿಚ್ಚಿಕೊಂಡೇ ಮೇಜಿನ ಮೇಲಿದೆ. ಅಂಟು ಕಲಸಿಲ್ಲ. ಹದಿನೇಳನೇ ಪುಟ ದಾಟಿದ್ದೇನೆ.