ಮೈಕ್ ಮಾದಪ್ಪನ ದನಿ

ನನ್ನ ಸೋದರಮಾವ ಮಾದಪ್ಪನವರು ಯಾವುದೇ ಸೋಪಿನ ಪ್ರಚಾರಕ್ಕೆ ಒಪ್ಪಿಕೊಳ್ಳುವ ಮೊದಲು ಆ ಸೋಪಿನಲ್ಲಿ ಸ್ನಾನ ಮಾಡುತ್ತಿದ್ದರು. ಸೀರೆ ಅಂಗಡಿಯವರು ಕರೆದರೆ ಒಂದು ಸೀರೆ ತಂದು, ಅತ್ತೆಗೆ ಉಡಿಸಿ, ಒಗೆಸಿ, ಬಣ್ಣ ನಿಂತರೆ ಮಾತ್ರ ಆಟೋಗೆ ಮೈಕ್ ಕಟ್ಟುತ್ತಿದ್ದರು. ಹೊಸ ಹೋಟೆಲಿನವರಂತೂ ಅವರಿಗೆ ಎರಡು ಹೊತ್ತು ಊಟ ಹಾಕಿ, ಮಾರನೆಯ ಬೆಳಿಗ್ಗೆ ಅವರ ಹೊಟ್ಟೆಯ ಸಮಾಚಾರಕ್ಕಾಗಿ ಕಾಯಬೇಕಿತ್ತು. "ಇಲಿ ಪಾಷಾಣದವರು ಬಂದ್ರೆ ಏನ್ ಮಾಡ್ತೀರಿ ಮಾವ?" ಎಂದು ನಾನು ರೇಗಿಸಿದರೆ, "ಇಲಿನೇ ಕೇಳ್ಕಂಡು ಬತ್ತೀನಿ ಕಣವ್ವ" ಎನ್ನುತ್ತಿದ್ದರು.

ಹಾರನಹಳ್ಳಿಯಿಂದ ಹೊರಟ ಅವರ ಆಟೋ ಪಿರಿಯಾಪಟ್ಟಣದ ಸಂತೆ, ಬೆಟ್ಟದಪುರದ ಬೀದಿಗಳನ್ನೆಲ್ಲ ಸುತ್ತಿ ಸಂಜೆಗೆ ಮರಳುತ್ತಿತ್ತು. ಸಣಕಲು ಮೈ. ಆ ಮೈಯಿಂದ ಅಂಥ ದನಿ ಹೇಗೆ ಹೊರಡುತ್ತಿತ್ತೋ! ಗಡಸಾಗಿತ್ತು, ಆದರೆ ಒಳಗೊಂದು ನಗುವಿತ್ತು. ಯಾವ ಪ್ರಚಾರವಾದರೂ ಶುರುವಾಗುತ್ತಿದ್ದುದು ಒಂದೇ ರೀತಿ: "ಕೇಳ್ರವ್ವ, ಕೇಳ್ರಪ್ಪ, ನಾನು ಆರ್ನಳ್ಳಿ ಮಾದಪ್ಪ ಯೋಳ್ತಾ ಇವ್ನಿ." ಬೇರೆಯವರೆಲ್ಲ ರೆಕಾರ್ಡ್ ಮಾಡಿಟ್ಟುಕೊಂಡು ಹಾಯಾಗಿ ಕೂತಿರುತ್ತಿದ್ದರು. ಮಾವ ಮಾತ್ರ ಅದಕ್ಕೆ ಒಪ್ಪಲಿಲ್ಲ. "ಸೀರೆ ಬಣ್ಣ ಬುಟ್ರೆ ಹೆಣ್ಮಕ್ಳು ಆಟೋ ಅಡ್ಡಾಕಿ ನನ್ನ ಬಯ್ಬೇಕು ಕಣ್ಲಾ. ಪೆನ್‌ಡ್ರೈವ್‌ನ ಯಾರು ಬಯ್ತಾರೆ?" ಎಂದು ಡ್ರೈವರನ ಬಾಯಿ ಮುಚ್ಚಿಸಿದ್ದರು.

ನನ್ನ ಯಜಮಾನರು ಮೈಸೂರಿನಲ್ಲಿ ಮ್ಯಾನೇಜ್‌ಮೆಂಟ್ ಓದಿದವರು. ಪಿರಿಯಾಪಟ್ಟಣದಲ್ಲಿ ಬಿಸಿ ಹಾಸಿಗೆಯ ಅಂಗಡಿ ತೆರೆದರು. ಕರೆಂಟಿನಿಂದ ಬಿಸಿಯಾಗುವ ಹಾಸಿಗೆ. ವಯಸ್ಸಾದವರು ದಿನವೂ ಬಂದು ಪುಕ್ಕಟೆ ಮಲಗಿ ಹೋಗಬಹುದು, ಹಿಡಿಸಿದರೆ ಕೊಳ್ಳಬಹುದು. ಪ್ರಚಾರಕ್ಕೆ ಮಾವನನ್ನು ಕರೆದವಳು ನಾನೇ. ಮಾವ ತಮ್ಮ ಪದ್ಧತಿಯಂತೆ ಒಂದು ವಾರ ಬಂದು ಮಲಗಿದರು, ಗೊರಕೆಯನ್ನೂ ಹೊಡೆದರು. ಆಮೇಲೆ ಅಂಗಡಿಯ ಮುಂದೆ ನಿಂತು ಸಾರಿದರು: "ನನ್ನ ಸೊಂಟಕ್ಕೆ ಹಾಯಾಗೈತೆ. ನಿಮ್ಮ ಸೊಂಟದ ಇಚಾರ ನಂಗೊತ್ತಿಲ್ಲ. ಬಂದು ಮನಿಕ್ಕಂಡು ನೋಡಿ."

ಯಜಮಾನರು ಮುಖ ಸಿಂಡರಿಸಿದರು. ಕಂಪನಿಯವರು ಕೊಟ್ಟ ಟಾರ್ಗೆಟ್ ಬರೀ ಸೊಂಟನೋವಿನಿಂದ ಮುಟ್ಟುವಂಥದ್ದಲ್ಲ. ಸಕ್ಕರೆ ಕಾಯಿಲೆಯನ್ನೂ ಸೇರಿಸಿ ಹೇಳಿ ಎಂದರು. "ನಂಗೆ ಸಕ್ಕರೆ ಕಾಯಿಲೆನೇ ಇಲ್ವಲ್ಲ ಅಳಿಯಂದ್ರೆ. ಬಂದ್ಮೇಕೆ ಮನಿಕ್ಕಂಡು ನೋಡಿ ಯೋಳ್ತೀನಿ ಬುಡಿ" ಎಂದು ಮಾವ ನಕ್ಕು ಹೊರಟುಹೋದರು.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ನಡುಮನೆಯಿಂದ ಮಾವನ ದನಿ ಕೇಳಿಸಿತು. ಬಂದರೆಂದು ಇನ್ನೊಂದು ತಟ್ಟೆ ತೆಗೆದೆ. ಹೋಗಿ ನೋಡಿದರೆ ಯಜಮಾನರ ಫೋನು. ಅಂಗಡಿಯ ಮುಂದೆ ಮಾವ ಆಡಿದ್ದನ್ನು ಕದ್ದು ರೆಕಾರ್ಡ್ ಮಾಡಿ, ಯಾವುದೋ ಆ್ಯಪಿಗೆ ಹಾಕಿ, ಅವರದೇ ದನಿಯಲ್ಲಿ ಬೇರೆ ಮಾತು ಆಡಿಸಿದ್ದರು. "ನಾನು ಆರ್ನಳ್ಳಿ ಮಾದಪ್ಪ ಯೋಳ್ತಾ ಇವ್ನಿ. ಬಿಸಿ ಹಾಸಿಗೆ ಮ್ಯಾಲೆ ಮನಿಕ್ಕಳಿ, ಸಕ್ಕರೆ ಮಾತ್ರೆ ಬುಟ್ಬುಡಿ." ನನಗೆ ಮೊದಲು ನಗು ಬಂತು. ಅಷ್ಟು ಹೋಲುತ್ತಿತ್ತು.

"ಇದೆಲ್ಲ ಬೇಡ ಕಣ್ರೀ" ಎಂದೆ.

"ಮಾರ್ಕೆಟಿಂಗ್ ಅಂದ್ರೆ ಇದೇ ಕಣೆ. ಜನ ವಸ್ತು ನೋಡಲ್ಲ, ಹೇಳೋರನ್ನ ನೋಡ್ತಾರೆ" ಎಂದರು.

ದೋಸೆ ಸೀಯುತ್ತಿತ್ತು, ಒಳಗೆ ಹೋದೆ. ಆ ರೆಕಾರ್ಡಿಂಗ್ ವಾಟ್ಸಾಪ್ ಗುಂಪುಗಳಲ್ಲಿ ಹರಡಿತು, ನನ್ನ ಫೋನಿಗೂ ಬಂತು.

ಬೆಟ್ಟದಪುರದ ಗೌರಮ್ಮ ಎಂಬುವರು ಅದನ್ನು ಕೇಳಿ ಮಾತ್ರೆ ನಿಲ್ಲಿಸಿದರು. ಕಾಲಿನ ಗಾಯ ಮಾಯಲಿಲ್ಲ. ಆಸ್ಪತ್ರೆಯಲ್ಲಿ ಪಾದವನ್ನೇ ತೆಗೆದರು. ಅವರ ಮಗ ಮಾವನ ಮನೆಗೆ ಬಂದ. ಬೈಯಲಿಲ್ಲವಂತೆ. ಫೋನನ್ನು ಜಗಲಿಯ ಮೇಲಿಟ್ಟು ಅದನ್ನು ಕೇಳಿಸಿ, "ನೀವು ಯೋಳಿದ್ರಿ ಅಂತ ನಮ್ಮವ್ವ ನಂಬ್ಕಂಡ್ಲು ಮಾದಪ್ಪಣ್ಣ" ಅಂದನಂತೆ.

ಮಾವ ನೇರವಾಗಿ ನಮ್ಮ ಮನೆಗೆ ಬಂದರು. ಯಜಮಾನರು ಊರಲ್ಲಿರಲಿಲ್ಲ. "ಗಂಟಲು ನಂದೇ. ನಾನ್ಯಾವತ್ತು ಹಿಂಗಂದೆ ಮಗಾ?" ಎಂದು ಕೇಳಿದರು. ತಮಗೇ ಮರೆವು ಬಂದಿದೆಯೇನೋ ಎಂಬ ಹೆದರಿಕೆ ಮುಖದಲ್ಲಿತ್ತು. ನಾನು ನೆಲ ನೋಡಿದೆ. ಅವರಿಗೆ ಅರ್ಥವಾಯಿತು. ಕೊಟ್ಟ ನೀರನ್ನೂ ಮುಟ್ಟದೆ ಎದ್ದರು.

ಮಾರನೆಯ ದಿನ ಅವರ ಆಟೋ ಬೆಟ್ಟದಪುರಕ್ಕೆ ಹೊರಟಾಗ ನಾನೂ ಹತ್ತಿಕೊಂಡೆ. ನಿಜ ಹೇಳಿಬಿಡಬೇಕೆಂದೇ ಹೋಗಿದ್ದೆ. ಮಾವ ಬೀದಿಬೀದಿಯಲ್ಲೂ ಸಾರಿದರು: "ನಾನು ಆರ್ನಳ್ಳಿ ಮಾದಪ್ಪ ಯೋಳ್ತಾ ಇವ್ನಿ. ಮಾತ್ರೆ ಬುಡಿ ಅಂದಿದ್ದು ತೆಪ್ಪು. ಯಾರೂ ಬುಡಬ್ಯಾಡಿ. ಡಾಕ್ಟ್ರು ಯೋಳ್ದಂಗೆ ಕೇಳಿ. ತೆಪ್ಪಾಯ್ತು ಕಣ್ರವ್ವ." ಅದನ್ನು ಮಾಡಿದವರು ಯಾರೆಂದು ತುಟಿ ಬಿಚ್ಚಲಿಲ್ಲ. ಟೀ ಅಂಗಡಿಯ ಮುಂದೆ ನಿಂತಿದ್ದವನೊಬ್ಬ, "ಎಷ್ಟ್ ತಿಂದೆ ಮಾದಪ್ಪ?" ಎಂದು ಕೂಗಿದ. ಮಾವ ಮೈಕನ್ನು ಅಂಗೈಯಲ್ಲಿ ಮುಚ್ಚಿ ನನ್ನ ಕಡೆ ತಿರುಗಿದರು. "ನೀನೇನಾರ ಯೋಳ್ತೀಯ ಮಗಾ?" ಎಂದು ಅದನ್ನು ನನ್ನತ್ತ ಚಾಚಿದರು. ಗಂಡ, ಅಂಗಡಿ, ಕಾಲೇಜಿಗೆ ಹೋಗುವ ಮಗಳು, ಎಲ್ಲ ಕಣ್ಣ ಮುಂದೆ ಬಂದವು. ಇಲ್ಲವೆಂದು ತಲೆಯಾಡಿಸಿದೆ. "ಬುಡು" ಎಂದು ಮಾವ ಮತ್ತೆ ಸಾರತೊಡಗಿದರು. ನಾಚಿಕೆ ಎಂದರೆ ಏನೆಂದು ನನಗೆ ಆ ಆಟೋದಲ್ಲಿ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.

ಆಮೇಲೆ ಯಾವ ಅಂಗಡಿಯವರೂ ಮಾವನನ್ನು ಕರೆಯಲಿಲ್ಲ. ಯಜಮಾನರು ಅಂಗಡಿಯನ್ನು ಹುಣಸೂರಿಗೆ ಬದಲಾಯಿಸಿದರು. ಅದು ಈಗಲೂ ನಡೆಯುತ್ತಿದೆ, ನಾನು ಅದರ ಅನ್ನವನ್ನೇ ಉಣ್ಣುತ್ತಿದ್ದೇನೆ. ಮಾವ ಮನೆಯೊಳಗೂ ಮಾತು ಕಡಿಮೆ ಮಾಡಿದರು. ಬೇಕಾದ್ದನ್ನು ಕೈಸನ್ನೆಯಲ್ಲೇ ಕೇಳುತ್ತಿದ್ದರಂತೆ. ಈ ಸಲ ಹೊಗೆಸೊಪ್ಪಿನ ನಾಟಿಯ ಹೊತ್ತಿಗೆ ನಿದ್ದೆಯಲ್ಲೇ ಹೋದರು.

ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅತ್ತೆ ನನ್ನನ್ನು ಒಳಕೋಣೆಗೆ ಕರೆದರು. "ಅವರ ಮಾತು ನಿನ್ನ ಫೋನಲ್ಲೈತಂತೆ. ಒಂದ್ಸತಿ ಕೇಳ್ಸವ್ವ" ಎಂದರು.

ಇದ್ದುದು ಅದೊಂದೇ. ಅಂಗಡಿಯ ಮುಂದೆ ಅವರು ನಿಜವಾಗಿ ಆಡಿದ್ದನ್ನು ಯಜಮಾನರು ಆವಾಗಲೇ ಅಳಿಸಿದ್ದರು. ಇಷ್ಟು ವರ್ಷ ತಾಲೂಕೆಲ್ಲ ಕೇಳಿದ ದನಿ ಬೇರೆಲ್ಲೂ ಉಳಿದಿರಲಿಲ್ಲ.

"ಅದು ಮಾವ ಹೇಳಿದ್ದಲ್ಲ ಅತ್ತೆ. ಅದನ್ನ ಮಾಡಿದ್ದು..." ಎಂದು ಶುರುಮಾಡಿದೆ.

"ಯಾರು ಮಾಡಿದ್ದು ಅಂತ ನಂಗೊತ್ತು ಕಣೆ. ನಿಂಗೇನೂ ಅನ್ಬ್ಯಾಡ ಅಂತ ನನ್ನತ್ರ ಆಣೆ ಹಾಕುಸ್ಕಂಡು ಹೋಗವ್ರೆ. ಗಂಟಲೊಂದು ಅವರದಿದ್ದಂಗೇ ಐತಲ್ಲ, ಹಾಕು."

ಹಾಕಿದೆ. ಮಾತ್ರೆ ಬಿಟ್ಟುಬಿಡಿ ಎಂದು ಆ ದನಿ ಹೇಳುತ್ತಿದ್ದರೆ ಅತ್ತೆ ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಒತ್ತಿಕೊಂಡರು. ಮುಗಿದ ಮೇಲೆ, "ಇನ್ನೊಂದ್ಸತಿ" ಎಂದರು.