ಮಿಸ್ಸಿಗೂ ಮೆಸ್ಸಿಗೂ ನಡುವೆ ಒಂದು ಗುಡಿಸು

ಕನ್ನಡದಲ್ಲಿ ‘ಮಿ’ಗೂ ‘ಮೆ’ಗೂ ಅಂತರವೆಷ್ಟು ಎಂದು ಕೇಳಿದರೆ ನೀವು ನಗುತ್ತೀರಿ. ಒಂದಕ್ಕೆ ಗುಡಿಸು, ಇನ್ನೊಂದಕ್ಕೆ ಎತ್ವ, ಅಷ್ಟೆ. ಆದರೆ ರಾಜಾಜಿನಗರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಈ ಇಳಿವಯಸ್ಸಿನಲ್ಲಿ ನನಗೆ ಅಕ್ಷರ ತಿದ್ದಿಸುವ ಮೊಮ್ಮಗಳು ಸರಸುಗೆ ಅದು ಭೂಮಿಗೂ ಆಕಾಶಕ್ಕೂ ಇರುವ ಅಂತರ.

“ಎಷ್ಟು ಸಲ ಹೇಳೋದಜ್ಜಿ? ಮಿ ಬರಿ ಅಂದ್ರೆ ಮೆ ಬರೀತೀಯ. ಹೋಗು, ನಿಂಗೆ ಸೊನ್ನೆ!”

ಸೊನ್ನೆಗೆ ನಾನು ನಾಚುವುದಿಲ್ಲ. ಹಿಂದೊಮ್ಮೆ ಮೇಷ್ಟರೊಬ್ಬರೇ ಈ ತಪ್ಪು ಮಾಡಿ ನನ್ನ ಕೈಬಳೆ ಉಳಿಸಿದ್ದಾರೆ.

ಅದು ಮಹಾಯುದ್ಧದ ಕಾಲ. ನಾವಿದ್ದದ್ದು ಸುಂಕದಕಟ್ಟೆಯ ಪಕ್ಕದ ಹಳ್ಳಿಯಲ್ಲಿ. ಯುದ್ಧ ಸಮುದ್ರದಾಚೆ ನಡೆಯುತ್ತಿದ್ದರೂ ನಮ್ಮ ಅಡುಗೆಮನೆಗೆ ಒಂದು ಪದವಾಗಿ ನುಗ್ಗಿತ್ತು: ಕಂಟ್ರೋಲು. ಅಕ್ಕಿ ಕಂಟ್ರೋಲು, ಸೀಮೆಎಣ್ಣೆ ಕಂಟ್ರೋಲು, ಸಕ್ಕರೆ ಕಂಟ್ರೋಲು. ಕಂಟ್ರೋಲಿಗೆ ಸಿಗದೆ ಉಳಿದದ್ದು ನಮ್ಮತ್ತೆಯ ಬಾಯಿಯೊಂದೇ. ನಮ್ಮ ಯಜಮಾನರನ್ನು, ಹೆಸರು ಹೇಳುವ ರೂಢಿ ನನಗಿಲ್ಲ, ಎತ್ತಿನ ಗಾಡಿ ಹೊಡೆದ ಕೈ ಎಂದು ಪಟ್ಟಾಳದವರು ಸೇರಿಸಿಕೊಂಡು, ಲಾರಿ ಹೊಡೆಯುವುದನ್ನು ಕಲಿಸಿ, ಆಫ್ರಿಕದ ಮರಳಿಗೆ ಕಳಿಸಿದ್ದರು.

ವರ್ಷವಾದ ಮೇಲೆ ಸರ್ಕಾರದ್ದೊಂದು ಇಂಗ್ಲಿಷ್ ಕಾಗದ ಬಂತು. ಊರಿಗೆಲ್ಲ ಇಂಗ್ಲಿಷ್ ಬಲ್ಲವರು ಶಾಲೆಯ ಮೇಷ್ಟರೊಬ್ಬರೇ. ಅವರ ಇಂಗ್ಲಿಷ್ಷೂ ಬೆಂಗಳೂರಿನಲ್ಲಿ ಓದುವಾಗ ಉಂಡ ಮೆಸ್ಸಿನ ಮಟ್ಟದ್ದು ಎಂಬುದು ಆಗ ನಮಗೇನು ಗೊತ್ತು? ಅವರು ಕನ್ನಡಕ ಏರಿಸಿ, ಇಳಿಸಿ, ಕಡೆಗೆ ಮುಖ ಅರಳಿಸಿದರು.

“ಮೆಸ್ಸಿಂಗ್ ಅಂತ ಬರೆದವ್ರೆ ಕಣಮ್ಮ. ಲಾರಿ ಬಿಡಿಸಿ ಮೆಸ್ಸಿಗೆ ಹಾಕವ್ರೆ. ಇನ್ನೇನ್ ಭಯ, ಒಲೆ ಮುಂದೆ ಯಾರು ಗುಂಡು ಹಾರಿಸ್ತಾರೆ?”

ನಮ್ಮತ್ತೆಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಪರಮಾಶ್ಚರ್ಯ. “ಮುದ್ದೆ ತಿರುವಕ್ಕೆ ಬರ್ದಿರೋನು ಪಟ್ಟಾಳಕ್ಕೆ ಬೇಯಿಸ್ತಾನಾ!” ಎಂದು ಬೀದಿಗೆಲ್ಲ ಬೆಲ್ಲ ಹಂಚಿದರು. ಎಂಟು ತಿಂಗಳು ನಾನು ಮೆಸ್ಸಿನವನ ಹೆಂಡತಿಯಾಗಿ ಮೆರೆದೆ, ಕೊಂಚ ದಪ್ಪವೂ ಆದೆ.

ಆಮೇಲೆ ಅತ್ತೆಗೆ ಮಗನ ಬಾಯಿಗೆ ಊರಿನ ರುಚಿ ಕಳಿಸುವ ಆಸೆಯಾಯಿತು. ರಾಗಿ ಹುರಿಹಿಟ್ಟಿನ ಗಂಟು ಕಟ್ಟಿಕೊಂಡು, ಆ ಕಾಗದವನ್ನೂ ಹಿಡಿದು, ಅಡ್ರೆಸ್ಸು ಕೇಳಲು ನಾನು ಬೆಂಗಳೂರಿನ ದಂಡಿನ ಕಡೆ ಹೋದೆ. ಅಲ್ಲಿನ ಗುಮಾಸ್ತ ಕಾಗದ ನೋಡಿ ನನ್ನನ್ನೇ ನೋಡಿದ.

“ಮೆಸ್ ಅಲ್ಲಮ್ಮಾ, ಮಿಸ್. ಮಿಸ್ಸಿಂಗ್. ಆಳು ಕಾಣೆಯಾಗವ್ನೆ ಅಂತ. ಇದಾನೋ ಇಲ್ವೋ, ನಮಗೂ ಗೊತ್ತಿಲ್ಲ.”

ಒಂದು ಗುಡಿಸು. ಅಕ್ಷರಕ್ಕೆ ಆ ಹೆಸರಿಟ್ಟವನು ಜಾಣ. ಅದು ಬಿದ್ದಲ್ಲಿ ಮನೆಯೆಲ್ಲ ಗುಡಿಸಿಹೋಗುತ್ತದೆ. ನಮ್ಮ ಊರಿನಲ್ಲಿ ‘ಕಾಣೆ’ ಎಂಬುದಕ್ಕೆ ಕಾಯುವ ವ್ಯವಧಾನವಿರಲಿಲ್ಲ. ಗಂಡ ಪಟ್ಟಾಳದಲ್ಲಿ ಕಾಣೆಯಾದ ನಂಜಮ್ಮನಿಗೆ ತಿಂಗಳೊಳಗೇ ಬಳೆ ಒಡೆಸಿ, ಕುಂಕುಮ ಅಳಿಸಿ, ಮೂಲೆಗೆ ಕೂರಿಸಿದ್ದರು. ನಾನು ನಿಜ ಹೇಳಿದರೆ ಮುಂದಿನ ಸರದಿ ನನ್ನದು.

ಅಳುವುದೋ ಬೇಡವೋ ತೀರ್ಮಾನವಾಗದೆ ನಡೆಯುತ್ತಿದ್ದೆ. ದಾರಿಯಲ್ಲಿ ಇಟಲಿಯ ಸೆರೆಯಾಳುಗಳು ರಸ್ತೆಗೆ ಕಲ್ಲು ಹಾಕುತ್ತಿದ್ದರು. ಯುದ್ಧದಲ್ಲಿ ಹಿಡಿದು ನಮ್ಮ ಬೆಂಗಳೂರಿಗೆ ತಂದಿಟ್ಟವರು. ಅವರಲ್ಲೊಬ್ಬ ಕೆಂಪು ಮೂಗಿನವನು ಸೀಬೆಕಾಯಿ ಕಚ್ಚುತ್ತ, ಏನೋ ಹಾಡುತ್ತ, ಮಹಾರಾಜನ ಹಾಗೆ ನಿಂತಿದ್ದ. ನನಗೆ ಥಟ್ಟನೆ ಹೊಳೆಯಿತು: ಇವನ ಊರಿಗೂ ಇಂಥದೇ ಕಾಗದ ಹೋಗಿರುತ್ತದೆ. ಅಲ್ಲಿ ಇವನ ಹೆಂಡತಿ ಕಣ್ಣೀರು ಹಾಕುತ್ತಿರುತ್ತಾಳೆ. ಈ ಪುಣ್ಯಾತ್ಮ ಇಲ್ಲಿ ಸೀಬೆಕಾಯಿ ಮೇಯುತ್ತಿದ್ದಾನೆ. ಕಾಣೆಯಾದವರೂ ಎಲ್ಲೋ ಏನೋ ತಿನ್ನುತ್ತಿರುತ್ತಾರೆ ಅಂದಮೇಲೆ ನಮ್ಮ ಮೇಷ್ಟರು ಓದಿದ್ದರಲ್ಲಿ ತಪ್ಪೇನು?

ಗಂಟು ಅವನ ಕೈಗಿಟ್ಟೆ. “ತಿನ್ನು. ಬೆಲ್ಲ ಹಾಕ್ಕೊಂಡು ಕಲಸ್ಕೋ,” ಅಂದೆ. ಅವನು ಕಲಸದೆ ಒಣ ಹಿಟ್ಟನ್ನೇ ಮುಕ್ಕಿ, ಕೆಮ್ಮಿ, ಮೀಸೆಯೆಲ್ಲ ಬೆಳ್ಳಗೆ ಮಾಡಿಕೊಂಡ. ಕಾವಲಿನ ಸಿಪಾಯಿಯೂ ನಕ್ಕ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. “ಏನಂದ್ರೇ?”

“ಮೆಸ್ಸಲ್ಲೇ ಅವ್ರಂತೆ ಅತ್ತೆ. ಹಿಟ್ಟು ತಲುಪ್ತು.”

ಅರ್ಧವಾದರೂ ಸುಳ್ಳಲ್ಲ. ಆಮೇಲೆ ಮೂರು ವರ್ಷ ನಾನು ಆ ಎತ್ವವನ್ನು ಕಾದೆ. ಹಗಲೆಲ್ಲ ಊರಿಗೆ ಮೆಸ್ಸಿನ ಸುದ್ದಿ ಕಟ್ಟಿ ಹೇಳುವುದು, ಬಳೆ ಒಂದು ಬಿರುಕು ಬಿಟ್ಟರೂ ಆ ದಿನವೇ ಹೊಸದು ತೊಡುವುದು.

ಯುದ್ಧ ಮುಗಿದ ಮೇಲೆ ಯಜಮಾನರು ಬಂದರು. ನಡೆದುಬಂದ ಕಡ್ಡಿಯ ಹಾಗಿದ್ದರು. ಅಷ್ಟು ದಿನ ಅವರಿದ್ದದ್ದು ಮೊದಲು ಇಟಲಿಯ ಸೆರೆಯಲ್ಲಿ, ಇಟಲಿ ಸೋತ ಮೇಲೆ ಜರ್ಮನಿಯವರ ಸೆರೆಯಲ್ಲಿ ಎಂದು ಆಮೇಲೆ ತಿಳಿಯಿತು. ಅತ್ತೆ ಮಗನನ್ನು ತಡವಿ ನೋಡಿ, “ಮೆಸ್ಸಲ್ಲಿದ್ದು ಹಿಂಗ್ ಸೊರಗಿದ್ದೀಯಲ್ಲೋ! ಬರೀ ಊರೋರಿಗೇ ಬಡಿಸ್ತಿದ್ದೇನೋ?” ಅಂದರು. ಅವರು ಕಕ್ಕಾಬಿಕ್ಕಿಯಾಗಿ ನನ್ನತ್ತ ನೋಡಿದರು. ನಾನು ಅತ್ತೆಯ ಬೆನ್ನ ಹಿಂದೆ ನಿಂತು ಕಣ್ಣು ಬಿಟ್ಟೆ. ಎತ್ತಿನ ಕಣ್ಣು ಓದಿ ಬೆಳೆದ ಮನುಷ್ಯ, ಅರ್ಥವಾಯಿತು.

“ಹೂಂ ಕಣವ್ವ,” ಅಂದರು.

ಅಷ್ಟಕ್ಕೇ ಬಿಟ್ಟಾರೆಯೇ? ಪಟ್ಟಾಳದ ಅಡುಗೆ ಉಣ್ಣಿಸುತ್ತೇನೆಂದು ಅತ್ತೆ ಮೇಷ್ಟರನ್ನೂ ಸೇರಿಸಿ ಬೀದಿಯನ್ನೇ ಕರೆದುಬಿಟ್ಟರು. ಯಜಮಾನರು ಹುಟ್ಟಿದ ಮೇಲೆ ಮೊದಲ ಸಲ ಸೌಟು ಹಿಡಿದು, ಹುರುಳಿಕಾಳಿನ ಸಾರು ಎಂಬ ಹೆಸರಿನಲ್ಲಿ ಏನನ್ನೋ ಇಳಿಸಿದರು. ಊರೆಲ್ಲ ಒಂದು ತುತ್ತು ಬಾಯಿಗಿಟ್ಟು ನೀರಿನ ಚೊಂಬಿಗೆ ಕೈಹಾಕಿತು. ಮೇಷ್ಟರು ಕನ್ನಡಕ ಒರೆಸಿಕೊಂಡರು. ಅತ್ತೆ ಮಾತ್ರ ನಿಧಾನವಾಗಿ ನುಂಗಿ, ಎಲೆ ಮೇಲಿನಿಂದ ತಲೆಯೆತ್ತಿದರು.

“ಇಂಥ ಸಾರು ಉಂಡೂ ನಮ್ಮೋರು ಯುದ್ಧ ಗೆದ್ದುಬಿಟ್ರಲ್ಲ, ಅದು ಕಣ್ರಪ್ಪ ಗಂಡಸ್ತನ!”

ಆ ಮಹಾಯುದ್ಧದ ಬಗ್ಗೆ ನಾನು ಕೇಳಿದ ವಿಮರ್ಶೆ ಅದೊಂದೇ. ಬಳೆ ತುಂಬಿದ ಕೈಯಲ್ಲಿ ಅತ್ತೆಗೆ ಇನ್ನೊಂದು ಸೌಟು ಬಡಿಸಿದೆ, ಬೇಡವೆನ್ನದೆ ಉಂಡರು.